ಅತ್ತೆಯ ಮರಕ್ಕೊಂದು ಹೆಸರು

"ಕಸಿ ಕಟ್ಟಿದ ಗಂಟೇ ಇಲ್ವಲ್ಲಮ್ಮ," ಎಂದ ದುಲಾತ್, ಸೇಬಿನ ಮರದ ಬುಡವನ್ನು ಮೂರನೆಯ ಸಲ ತಡವುತ್ತಾ. "ಇದು ಬೀಜದಿಂದ ತಾನಾಗೇ ಎದ್ದ ಕಾಡುಮರ."

ನನ್ನ ಮೈದುನ ಸಾಪಾರ್‌ನ ಮುಖ ಅರಳಿತು. ಮನೆಯ ಹಿಂದಿನ ಇಳಿಜಾರಿನಲ್ಲಿ ಪ್ರವಾಸಿಗರಿಗೆ ಕೋಣೆಗಳನ್ನು ಕಟ್ಟಿಸುವುದು ಅವನ ಆಸೆ. ಅದಕ್ಕೆ ಅಡ್ಡ ಇದ್ದದ್ದು ಈ ಮರ ಮತ್ತು ನಾನು. ಕಾಡುಮರವಾದರೆ ಕಡಿಯಬಹುದು, ಯಾರೋ ಕಸಿ ಮಾಡಿ ಬೆಳೆಸಿದ ತಳಿಯಾದರೆ ಮುಟ್ಟುವಂತಿಲ್ಲ ಎಂದು ಊರ ಹಿರಿಯರು ತೀರ್ಮಾನಿಸಿದ್ದರು. ಅದನ್ನು ಗೊತ್ತುಮಾಡಲೆಂದೇ ಅಲ್ಮಾಟಿ ನಗರದಿಂದ ಹಣ್ಣಿನ ತಜ್ಞ ದುಲಾತ್ ಬಂದಿದ್ದ.

"ಕೇಳಿದ್ಯಾ ಅತ್ತಿಗೆ? ನಾಳೆ ಗರಗಸ ತರ್ತೀನಿ. ಸೌದೆ ಪೂರ್ತಿ ನಿಂಗೇ."

"ಮೊದಲು ನಿನ್ನ ನಾಲಿಗೆ ಕೊಯ್ಕೋ. ಅದಕ್ಕೆ ಗರಗಸ ಬೇಕಿಲ್ಲ, ಈರುಳ್ಳಿ ಚಾಕು ಸಾಕು."

ಬಾಯಿ ಜೋರು ಮಾಡುತ್ತಲೇ ನಾನೂ ಮರದ ಬುಡ ತಡವಿ ನೋಡಿದೆ. ತವರಿನ ಕೊಂಬೆ ತಂದು ತಾವೇ ಕಸಿ ಕಟ್ಟಿದ್ದು ಎಂದು ತೀರಿಹೋದ ಅತ್ತೆ ನನಗೆ ಹೇಳಿದ್ದರು. ಹತ್ತೊಂಬತ್ತಕ್ಕೆ ಸೊಸೆಯಾಗಿ ಬಂದಾಗ ಈ ಮನೆಯಲ್ಲಿ ನನ್ನ ಪರ ಮಾತಾಡಿದವರು ಅವರೊಬ್ಬರೇ. ಅವರು ಸುಳ್ಳು ಹೇಳುವವರಲ್ಲ. ಹಾಗಾದರೆ ಗಂಟು ಎಲ್ಲಿ ಹೋಯಿತು?

ಪಕ್ಕದ ನೀರಿನ ಕಾಲುವೆ ಕಣ್ಣಿಗೆ ಬಿತ್ತು. ಪ್ರತಿ ವಸಂತದಲ್ಲೂ ಹಿಮ ಕರಗುವ ಹೊತ್ತಿಗೆ ಊರೆಲ್ಲ ಸೇರಿ ಕಾಲುವೆಯ ಹೂಳು ಎತ್ತುತ್ತೇವೆ. ಎತ್ತಿದ ಹೂಳನ್ನು ಹತ್ತಿರದ ಮರದ ಬುಡಕ್ಕೆ ಸುರಿಯುತ್ತೇವೆ. ಐವತ್ತು ವರ್ಷ ಈ ಮರಕ್ಕೆ ಸುರಿದವಳು ನಾನೇ. ಎಂಥ ಪೆದ್ದಿ! ಅತ್ತೆಯ ಕೈಗುರುತನ್ನು ನನ್ನ ಕೈಯಾರೆ ಹೂತಿದ್ದೆ.

ಗುದ್ದಲಿ ತಂದು ಅಗೆಯತೊಡಗಿದೆ. "ಅತ್ತಿಗೆಗೆ ನಿಧಿ ಸಿಗುತ್ತೆ ನೋಡಿ," ಎಂದು ಸಾಪಾರ್ ನಕ್ಕ. ನಾನು ತಲೆ ಎತ್ತಲಿಲ್ಲ. ಮೊಣಕೈ ಆಳದಲ್ಲಿ ಕಾಂಡ ಊದಿಕೊಂಡಿತ್ತು. ಆ ಊತದಿಂದ ಮೇಲಕ್ಕೆ ನಯವಾದ ತೊಗಟೆ, ಕೆಳಕ್ಕೆ ಒರಟು. ದುಲಾತ್ ಪ್ಯಾಂಟಿನ ಇಸ್ತ್ರಿಯನ್ನೂ ಲೆಕ್ಕಿಸದೆ ಗುಂಡಿಗೆ ಇಳಿದ.

"ಕಸೀನೇ! ನಾನು ತಪ್ಪಿದೆ ಅಮ್ಮ."

ಮರದ ಹಣ್ಣೊಂದನ್ನು ಅಡ್ಡಕ್ಕೆ ಕೊಯ್ದು ಬೀಜದ ಗೂಡುಗಳನ್ನು ನೋಡಿದ, ತೊಟ್ಟಿನ ಸುತ್ತಲಿನ ಕಂದು ಸಿಪ್ಪೆಯನ್ನು ಉಜ್ಜಿದ, ಸೇಬಿನ ತಳಿಗಳ ದಪ್ಪ ಪುಸ್ತಕವನ್ನು ಎರಡು ಸಲ ತಿರುವಿ ಹಾಕಿದ. ಇಂಥದ್ದು ಅದರಲ್ಲಿ ಇರಲಿಲ್ಲ.

"ಹೊಸ ತಳಿ ಅಂತ ಬರ್ಕೋತೀನಿ. ಕಸಿ ಕಟ್ಟಿದೋರ ಹೆಸರೇ ತಳಿಗೆ. ಮನೆಯವರು ಈಗಲೇ ಹೇಳ್ಬೇಕು. ಹೆಸರಿಲ್ದೆ ಪತ್ರ ಆಗಲ್ಲ."

ಸಾಪಾರ್ ಹಲ್ಲು ಕಿರಿದ. ನಮ್ಮಲ್ಲಿ ಸೊಸೆಯಾದವಳು ಗಂಡನ ಕಡೆಯ ಹಿರಿಯರ ಹೆಸರೆತ್ತುವುದಿಲ್ಲ. ಅತ್ತೆಗೆ ನೀರಲ್ಲಿ ಬದುಕುವ ಒಂದು ಪ್ರಾಣಿಯ ಹೆಸರು. ಅದರ ತುಪ್ಪಳದ ಟೋಪಿಯನ್ನು ಕೂಡ ನಾನು 'ನೀರಿನದ್ದು' ಎಂದೇ ಕರೆಯುತ್ತಿದ್ದೆ.

"ನಿಮ್ಮಮ್ಮನ ಹೆಸರು ಕಣೋ. ನೀನು ಹೇಳು."

"ಮರ್ತೋಯ್ತು ಅತ್ತಿಗೆ," ಎಂದ, ಆಕಾಶ ನೋಡುತ್ತಾ.

ಮೈಯೆಲ್ಲ ಉರಿದುಹೋಯಿತು. ಹೆತ್ತ ತಾಯಿಯ ಹೆಸರು ಮರೆತುಹೋಯಿತಂತೆ! ಮರದ ಮೇಲೆ ಅಕ್ಕರೆಯಿಲ್ಲ, ಸರಿ. ತಾಯಿಯ ಮೇಲೂ ಇಲ್ಲವೇ?

ದುಲಾತ್ ಮೆಲ್ಲಗೆ ಪೆನ್ನು ಚಾಚಿದ. "ಬರೆದುಕೊಡಿ ಅಮ್ಮ, ಬಾಯಲ್ಲಿ ಹೇಳೋದು ಬೇಡ."

"ನಾನೇನು ಕಳ್ಳತನ ಮಾಡ್ತಿದೀನಾ, ಚೀಟಿ ಕೊಡೋಕೆ?"

ತಲೆವಸ್ತ್ರ ಬಿಗಿದುಕೊಂಡು ಎದ್ದು ನಿಂತೆ.

"ಕಮ್ಶಾತ್!" ಎಂದೆ. ದನಿ ನನ್ನದಲ್ಲವೆನ್ನಿಸಿತು. ರಸ್ತೆಯಲ್ಲಿದ್ದವರಿಗೂ ಕೇಳಲೆಂದು ಮತ್ತೆ ಕೂಗಿದೆ. "ಕಮ್ಶಾತ್ ಕಟ್ಟಿದ ಕಸಿ ಇದು. ಕಮ್ಶಾತ್ ಅಂತ ಬರ್ಕೊ!"

ದುಲಾತ್ ಬರೆದುಕೊಂಡ. ಸಾಪಾರ್‌ನ ನಗು ಎಲ್ಲಿ ಹೋಯಿತೋ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ತಾಯಿಯನ್ನು ಮಣ್ಣು ಮಾಡಿದ ದಿನ ಕೇಳಿದ ಮೇಲೆ ಆ ಹೆಸರನ್ನು ಅವನು ಕೇಳಿರಲಿಲ್ಲವೇನೋ.

"ಅಮ್ಮ ಇದ್ದಿದ್ರೆ ಏನಂತಿದ್ರು ಅತ್ತಿಗೆ, ನೀನು ಹೀಗೆ ಹೆಸರು ಕೂಗಿದ್ದಕ್ಕೆ?"

"ಇಷ್ಟು ತಡ ಯಾಕೆ ಮಾಡ್ದೆ ಅಂತಿದ್ರು," ಎಂದು ಗುದ್ದಲಿಯನ್ನು ಅವನ ಕೈಗೆ ತುರುಕಿದೆ. "ಗುಂಡಿ ಮುಚ್ಚು. ಗಂಟು ಮಾತ್ರ ಕಾಣ್ತಾ ಇರ್ಲಿ."