ಅಕ್ಕ ಹಿಡಿದ ಪಥ್ಯ

ಪಾಪಿನಾಯಕನಹಳ್ಳಿಯ ಹತ್ತಿರ, ರಸ್ತೆ ಬದಿಯ ವೇಬ್ರಿಡ್ಜಿನಲ್ಲಿ ಅದಿರಿನ ಲಾರಿ ತೂಗುವುದು ಈಶ್ವರನ ಕೆಲಸ. ಅದಿರಿಗೆ ಚೀನಾದಲ್ಲಿ ಬೆಲೆ ಬಂದ ಮೇಲೆ ಸಂಡೂರಿನ ಕಡೆಯಿಂದ ಬರುವ ಲಾರಿಗಳ ಸಾಲು ಕರಗಿದ್ದೇ ಇಲ್ಲ. ತೂಕದ ಕೋಣೆಗೆ ಕಿಟಕಿ ಇತ್ತು, ಫ್ಯಾನ್ ಇತ್ತು, ಪಾಯಖಾನೆ ಇರಲಿಲ್ಲ. ಅವನ ಹೊಟ್ಟೆ ಕೆಟ್ಟದ್ದೂ ಆ ಕೆಲಸಕ್ಕೆ ಸೇರಿದ ವರ್ಷವೇ. ಉಂಡ ಸ್ವಲ್ಪ ಹೊತ್ತಿಗೆ ಹೊಟ್ಟೆ ಉಬ್ಬಿ, ಕರುಳು ಹಿಂಡಿದಂತಾಗಿ, ತೂಕದ ಚೀಟಿಯನ್ನು ಅರ್ಧಕ್ಕೆ ಬಿಟ್ಟು ಜಾಲಿ ಗಿಡಗಳ ಹಿಂದಕ್ಕೆ ಓಡಬೇಕಾಗುತ್ತಿತ್ತು. ಸಾಲಿನಲ್ಲಿ ನಿಂತವರು ಹಾರ್ನ್ ಹೊಡೆಯುತ್ತಿದ್ದರು.

“ತಡೀರಲೇ, ಸಾಹೇಬ್ರು ಲೋಡ್ ಇಳಿಸಾಕ ಹೋಗ್ಯಾರ!” ಎಂದು ದುರುಗಣ್ಣನೆಂಬ ಡ್ರೈವರ್ ಎಲ್ಲರಿಗೂ ಕೇಳುವಂತೆ ಕೂಗುತ್ತಿದ್ದ.

ಹೊಸಪೇಟೆಯ ಡಾಕ್ಟರು ರಕ್ತ, ಮಲ ಎಲ್ಲ ಪರೀಕ್ಷೆ ಮಾಡಿಸಿ ಇದು ಐಬಿಎಸ್ ಎಂದಿದ್ದರು. ಕರುಳು ಸೂಕ್ಷ್ಮವಾಗಿದೆ, ಪ್ರಾಣಕ್ಕೇನೂ ಅಪಾಯವಿಲ್ಲ, ನಿಮಗೆ ಆಗದ್ದನ್ನು ಬಿಡಿ ಎಂದು ಹೇಳಿ ಕಳಿಸಿದರು. ಯಾವುದು ಆಗದ್ದು ಎಂಬುದನ್ನು ಊರು ಹೇಳಿತು. ಒಬ್ಬರು ಬದನೆಕಾಯಿ ಎಂದರು, ಇನ್ನೊಬ್ಬರು ಕಾಳು ಎಂದರು. ಖಾರ, ಉಳ್ಳಾಗಡ್ಡಿ, ಶೇಂಗಾ, ಜೋಳ, ಎಲ್ಲದಕ್ಕೂ ಒಬ್ಬೊಬ್ಬ ಸಾಕ್ಷಿ ಸಿಕ್ಕ. ಈಶ್ವರ ಒಂದನ್ನು ಬಿಟ್ಟು ನೋಡುತ್ತಿದ್ದ. ಗುಣ ಕಾಣದಿದ್ದರೆ ಅದರ ಜೊತೆಗೆ ಇನ್ನೊಂದನ್ನು ಬಿಡುತ್ತಿದ್ದ. ಬಿಟ್ಟದ್ದನ್ನು ಮತ್ತೆ ತಿಂದು ನೋಡುವ ಧೈರ್ಯ ಮಾತ್ರ ಬರಲಿಲ್ಲ. ಕೊನೆಗೆ ಉಳಿದದ್ದು ಮೆತ್ತನೆಯ ಅನ್ನ, ತಿಳಿಸಾರು.

ಅವನ ಹೆಂಡತಿ ತ್ರಿವೇಣಿ ಇದಕ್ಕೆ ಹೊಂದಿಕೊಂಡಳು. ಹೊಂದಿಕೊಳ್ಳದವಳು ಅಕ್ಕ.

ಅಕ್ಕನಾಗಮ್ಮ ಕಂಪ್ಲಿಯಲ್ಲಿದ್ದಳು. ತಾಯಿ ತೀರಿಕೊಂಡಾಗ ಈಶ್ವರನಿಗೆ ಇನ್ನೂ ಮಾತು ಸರಿಯಾಗಿ ಬರುತ್ತಿರಲಿಲ್ಲ. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ನಾಗರ ಪಂಚಮಿಗೆ ಅಕ್ಕನನ್ನು ಹೊಸಪೇಟೆಯ ತನ್ನ ಮನೆಗೆ ಕರೆತರುವುದನ್ನು ಈಶ್ವರ ಒಂದು ವರ್ಷವೂ ತಪ್ಪಿಸಿರಲಿಲ್ಲ. ತವರು ಅಂತ ಅವಳಿಗೆ ಉಳಿದಿದ್ದು ಅವನ ಮನೆಯೊಂದೇ. ಪಂಚಮಿಯ ಹಿಂದಿನ ರೊಟ್ಟಿ ಹಬ್ಬದ ದಿನ ಅವಳು ಎಳ್ಳು ಹಚ್ಚಿ ಒಣಗಿಸಿದ ಕಟಕ್ ರೊಟ್ಟಿಯ ಗಂಟು ಬಿಚ್ಚುತ್ತಿದ್ದಳು. ಜೊತೆಗೆ ಮೊಳಕೆ ಬಂದ ಮಡಕಿ ಕಾಳಿನ ಪಲ್ಯ, ಶೇಂಗಾ ಚಟ್ನಿ.

ಅವನು ಮೊದಲ ಸಲ ಬೇಡವೆಂದಾಗ ಸಿಟ್ಟಾದಳು. “ಮೈನ್ಸ್ ರೊಕ್ಕ ಬಂದ ಮ್ಯಾಲೆ ಜೋಳ ಗಂಟಲಾಗ ಇಳಿಯಂಗಿಲ್ಲೇನಲೇ?” ಎಂದಳು. ಮರುವರ್ಷ ಅವನ ತಟ್ಟೆ ದಾಟಿ ಮುಂದಿನವರಿಗೆ ಬಡಿಸಿದಳು. ಅದು ಸಿಟ್ಟಿಗಿಂತ ಕೆಟ್ಟದಾಗಿತ್ತು.

ಅದರ ಮುಂದಿನ ಪಂಚಮಿಗೆ ಬಂದಾಗ ಅಕ್ಕ ಗಂಟು ಬಿಚ್ಚಿ ಎಲ್ಲರಿಗೂ ಬಡಿಸಿದಳು, ತನ್ನ ತಟ್ಟೆಗೆ ಹಾಕಿಕೊಳ್ಳಲಿಲ್ಲ.

“ನನಗೂ ನಿನ್ನಂಗ ಆಗೈತೋ ತಮ್ಮಾ. ಉಂಡ್ರ ಹೊಟ್ಟಿ ಉಬ್ಬತೈತಿ. ಒಂದಿನ ಆಗಂಗಿಲ್ಲ, ಒಂದಿನ ನಿಲ್ಲಂಗಿಲ್ಲ.”

ಈಶ್ವರನಿಗೆ ಮರುಕವಾಯಿತು. ಆದರೆ ಒಳಗೆಲ್ಲೋ ಸಂತೋಷವೂ ಆಯಿತು ಎಂಬುದನ್ನು ಮುಚ್ಚಿಡುವಂತಿಲ್ಲ. ಇಷ್ಟು ದಿನ ಒಬ್ಬನೇ ಇದ್ದ ಪಂಕ್ತಿಗೆ ಇನ್ನೊಬ್ಬರು ಬಂದಿದ್ದರು.

“ನಮ್ಮ ಪಾರ್ಟಿಗೆ ಬಂದಿ ಬಿಡು,” ಎಂದು ನಕ್ಕ. “ಹೆದರಬ್ಯಾಡ, ಇದು ಜೀವಕ್ಕೇನೂ ಮಾಡಂಗಿಲ್ಲ. ಮೊದಲ ಕಾಳು ಬಿಡು. ಆಮ್ಯಾಲೆ ಖಾರ. ಜೋಳಾನೂ ಬ್ಯಾಡ.”

“ಜೋಳ ಬಿಟ್ರ ಬದುಕೋದು ಹ್ಯಾಂಗಲೇ?”

“ನಾ ಬದುಕಿಲ್ಲೇನು?”

ಅಂದು ಅಕ್ಕ ತಮ್ಮ ಇಬ್ಬರೂ ಗೋಡೆಗೊರಗಿ ಕೂತು ಮೆತ್ತನೆಯ ಅನ್ನ ಉಂಡರು. ಎದುರಿಗೆ ಎಲ್ಲರೂ ಕಟಕಟ ರೊಟ್ಟಿ ಮುರಿಯುತ್ತಿದ್ದರು. ಅಕ್ಕ ತನ್ನ ತಟ್ಟೆಯಿಂದ ಒಂದು ತುತ್ತು ಎತ್ತಿ, ಅವನು ಚಿಕ್ಕವನಿದ್ದಾಗ ಮಾಡುತ್ತಿದ್ದಂತೆ, ಅವನ ಬಾಯಿಗಿಟ್ಟಳು. ಎಷ್ಟೋ ವರ್ಷಗಳ ನಂತರ ಅವನು ಅವಳ ಕೈತುತ್ತು ಉಂಡ. ಅಕ್ಕನಿಗೆ ಆಗ ಐವತ್ತನಾಲ್ಕು ವರ್ಷ.

ಅಕ್ಕ ಪಥ್ಯವನ್ನು ವ್ರತದಂತೆ ಹಿಡಿದಳು. ದಸರೆಗೆ ಈಶ್ವರ ಕಂಪ್ಲಿಗೆ ಹೋದಾಗ ಅವಳ ಕುಪ್ಪಸದ ತೋಳು ಜೋಲುತ್ತಿತ್ತು. “ಪಥ್ಯ ಮಾಡಿದ್ರ ಸೊರಗೋದ ಸೈ, ನಾನೂ ಸೊರಗಿದ್ನೆಲ್ಲ,” ಎಂದ ಈಶ್ವರ. ಮುಖ ಬಿಳಿಚಿಕೊಂಡಿದೆ ಎಂದು ಭಾವ ಜಂಬಯ್ಯ ಎರಡು ಸಲ ಹೇಳಿದ. ಅಕ್ಕ ಗಂಡನ ಮಾತನ್ನು ತಳ್ಳಿಹಾಕಿದಳು: “ಈಶಗ ಗೊತ್ತೈತಿ ಸುಮ್ಮಿರು. ಅವ ಅನುಭವಿಸ್ಯಾನ.”

ದೀಪಾವಳಿ ಕಳೆದ ಮೇಲೆ ಗದ್ದೆಯ ಬದುವಿನ ಮೇಲೆ ತಲೆಸುತ್ತಿ ಬಿದ್ದಳು. ಈಶ್ವರನೇ ಅವಳನ್ನೂ ಭಾವನನ್ನೂ ಹೊಸಪೇಟೆಯಲ್ಲಿ ಹೊಟ್ಟೆಯ ತಜ್ಞೆಯೊಬ್ಬರ ಬಳಿಗೆ ಕರೆದೊಯ್ದ. ಡಾಕ್ಟರಮ್ಮ ಕಣ್ಣಿನ ರೆಪ್ಪೆ ಎಳೆದು ನೋಡಿದರು, ತೂಕದ ಯಂತ್ರದ ಮೇಲೆ ನಿಲ್ಲಿಸಿದರು.

“ಮೊದಲು ಎಷ್ಟಿದ್ದರು?”

ಜಂಬಯ್ಯ ಹೇಳಿದ ತೂಕಕ್ಕಿಂತ ಹನ್ನೊಂದು ಕಿಲೋ ಕಡಿಮೆ ಇತ್ತು. ದಿನವಿಡೀ ಲಾರಿ ತೂಗುವ ಈಶ್ವರ ಮುಳ್ಳಿನತ್ತ ನೋಡುತ್ತ ನಿಂತ.

“ಪಥ್ಯದಾಗ ಅದಾಳ್ರಿ,” ಎಂದ ಅವನು. “ನಮ್ಮ ಮನಿತನದ್ದ ಐತ್ರಿ ಇದು. ನನಗೂ ಐಬಿಎಸ್ ಐತಿ. ಏನ್ ಬಿಡಬೇಕಂತ ನಾನ ಹೇಳೀನ್ರಿ.”

ಡಾಕ್ಟರಮ್ಮ ಅವನತ್ತ ತಿರುಗದೆ ಅಕ್ಕನನ್ನು ಕೇಳಿದರು: “ಮಲದಲ್ಲಿ ರಕ್ತ ಹೋಗುತ್ತಾ?”

ಅಕ್ಕ ತಮ್ಮನ ಕಡೆ ನೋಡಿ ಸೆರಗು ಸರಿಮಾಡಿಕೊಂಡಳು. “ಹೋಗ್ತೈತ್ರಿ. ಮೂಲವ್ಯಾಧಿ ಅನ್ಕೊಂಡಿದ್ದೆ. ಗಂಡಸರ ಮುಂದ ಹ್ಯಾಂಗ ಹೇಳ್ಲಿ?”

ಡಾಕ್ಟರಮ್ಮ ರಕ್ತ ಪರೀಕ್ಷೆ, ಸ್ಕ್ಯಾನ್, ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ, ಎಲ್ಲ ಬರೆದರು. ಆಮೇಲೆ ಈಶ್ವರನತ್ತ ತಿರುಗಿದರು. “ನೀವೇನು ಊಟ ಮಾಡ್ತೀರಿ?”

“ಅನ್ನ, ತಿಳಿಸಾರು. ಬ್ಯಾರೆ ಏನೂ ಇಲ್ರಿ. ಚಾ ಮ್ಯಾಲೆ ಇರ್ತೀನಿ.”

“ಎಷ್ಟು ಚಾ?”

“ಅದೇನ್ ಲೆಕ್ಕ ಇಟ್ಟಿಲ್ರಿ. ವೇಬ್ರಿಡ್ಜಿಗೆ ತಾಸಿಗೊಮ್ಮೆ ಬರ್ತೈತಿ.”

“ಬರೀ ಹಾಲಿನ ಚಾ?”

“ಹೂನ್ರಿ, ದಪ್ಪ ಹಾಲು.” ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು. “ಚಾ ಊಟದಾಗ ಬರಂಗಿಲ್ಲೆಲ್ರಿ...”

ಅಕ್ಕ ನಕ್ಕುಬಿಟ್ಟಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಯ್ಯ ನಿನ್ನ! ನನ್ನ ರೊಟ್ಟಿಗೆ ಗುನ್ನೆ ಹೊರಿಸಿ ಎಮ್ಮಿ ಹಾಲು ಕುಡ್ಕೊಂತ ಕುಂತಿದ್ದೇನಲೇ!”

ಡಾಕ್ಟರಮ್ಮನೂ ನಕ್ಕರು. ಎರಡು ವಾರ ಹಾಲು ಬಿಟ್ಟು ನೋಡಿರಿ, ಆದರೆ ಹಾಲೇ ಕಾರಣ ಎಂದು ನಾನು ಈಗಲೇ ಹೇಳಲಾರೆ ಎಂದರು. ಬಿಟ್ಟದ್ದನ್ನೆಲ್ಲ ಒಂದೊಂದಾಗಿ ಮತ್ತೆ ತಿಂದು ನೋಡಿ, ನಿಜವಾಗಿ ಆಗದ್ದನ್ನು ಮಾತ್ರ ಬಿಡಿ. ಈ ತೊಂದರೆ ಇದ್ದವರೆಲ್ಲರಿಗೂ ಒಂದೇ ಪಥ್ಯ ಅಂತಿಲ್ಲ. ಕಾಳು ಕೆಲವರಿಗೆ ಆಗುವುದಿಲ್ಲ, ಕೆಲವರಿಗೆ ಆಗುತ್ತದೆ. ಚಿಂತೆಗೂ ಕರುಳು ಕೆಡುತ್ತದೆ.

“ಆದರೆ ಇದು ನಿಮಗೆ ಹೇಳಿದ ಮಾತು. ಅಕ್ಕನಿಗಲ್ಲ,” ಎಂದು ಅವರು ಮಾತು ಮುಗಿಸಿದರು. ಆಗ ನಗು ನಿಂತಿತು.

ಪರೀಕ್ಷೆಯ ಫಲಿತಾಂಶ ಕೇಳಲು ಈಶ್ವರ, ಜಂಬಯ್ಯ ಇಬ್ಬರೇ ಹೋದರು. ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ, ಲಿವರಿಗೂ ಹರಡಿತ್ತು. ಐಬಿಎಸ್‌ನಿಂದ ರಕ್ತ ಹೋಗುವುದಿಲ್ಲ ಎಂದರು ಡಾಕ್ಟರಮ್ಮ. ಐವತ್ತು ದಾಟಿದವರಿಗೆ ಹೊಸದಾಗಿ ಹೊಟ್ಟೆಯ ರೀತಿ ಬದಲಾದರೆ, ತೂಕ ಇಳಿದರೆ, ಪಥ್ಯಕ್ಕಿಂತ ಮೊದಲು ಪರೀಕ್ಷೆ ಆಗಬೇಕು.

“ಪಂಚಮಿಗೇ ಇಲ್ಲಿಗೆ ಬಂದಿದ್ರ ಉಳೀತಿದ್ಲೇನ್ರಿ?” ಎಂದು ಕೇಳಿದವನು ಜಂಬಯ್ಯ.

“ಹೇಳೋಕಾಗಲ್ಲ. ಆಗಲೇ ಹರಡಿರಬಹುದು, ಇಲ್ಲದೆಯೂ ಇರಬಹುದು. ಬಂದಿದ್ದರೆ ಗೊತ್ತಾಗುತ್ತಿತ್ತು.”

ಜಂಬಯ್ಯ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡ. “ಅನುಭವಿಸ್ಯಾನ ಅಂದ್ಲಪ ನಿನ್ನ,” ಎಂದ. ಅಷ್ಟೇ. ಆಮೇಲೆ ಅವನು ಈಶ್ವರನ ಜೊತೆ ಮಾತು ಬಿಟ್ಟ.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲೂ ನೋಡಿ, ಗಡ್ಡೆ ಕರುಳಿನ ದಾರಿ ಕಟ್ಟಬಾರದೆಂದು ಒಂದು ಆಪರೇಷನ್ ಮಾಡಿ, ನೋವಿನ ಔಷಧ ಕೊಟ್ಟು ಕಳಿಸಿದರು. ಸಂಕ್ರಾಂತಿಯ ಹೊತ್ತಿಗೆ ಅಕ್ಕ ಕಂಪ್ಲಿಯ ಮನೆಯ ಪಡಸಾಲೆಯಲ್ಲಿ ಮಂಚ ಹಿಡಿದಿದ್ದಳು. ಗಂಜಿಯ ತಿಳಿ ಎರಡು ಚಮಚ ಇಳಿದರೆ ಅದೇ ಊಟ.

ಈಶ್ವರ ಹಾಲು ಬಿಟ್ಟಿದ್ದ. ಓಡುವುದು ಪೂರ್ತಿ ನಿಂತಿರಲಿಲ್ಲ, ಆದರೆ ತುಂಬಾ ಕಡಿಮೆಯಾಗಿತ್ತು. ಉಳ್ಳಾಗಡ್ಡಿ ತಿಂದು ನೋಡಿದ, ಹೊಟ್ಟೆ ಉಬ್ಬಿತು. ಖಾರ, ಶೇಂಗಾ ಏನೂ ಮಾಡಲಿಲ್ಲ. ಜೋಳ ಮತ್ತು ಕಾಳನ್ನು ಮಾತ್ರ ಮುಟ್ಟಿರಲಿಲ್ಲ.

ಬಿಸಿಲೇರಿದ ಮಾಘದ ಒಂದು ಮಧ್ಯಾಹ್ನ ಅಕ್ಕ ಅವನನ್ನು ಕರೆಸಿದಳು. ಹೋದಾಗ ಒಳಗೆ ರೊಟ್ಟಿ ಬಡಿಯುವ ಸಪ್ಪಳ. ಅಕ್ಕನ ಮಗಳು ಶೈಲಶ್ರೀ ಒಲೆಯ ಮುಂದಿದ್ದಳು. ಮಂಚದ ಮೇಲಿಂದಲೇ ಅಕ್ಕ ಹೇಳುತ್ತಿದ್ದಳು: “ತೆಳ್ಳಗ ಬಡಿ. ಎಳ್ಳು ಒತ್ತು. ಕೆಂಡಕ್ಕ ಆನಿಸಿಡು, ಕಟಕ್ ಆಗ್ಲಿ.”

“ಏನಿದು ಅಕ್ಕ, ಯಾವ ಹಬ್ಬ?”

“ಪಂಚಮಿ. ಇನ್ನೊಂದು ಪಂಚಮಿಗೆ ನಾ ಎಲ್ಲಿ ಬರ್ಲಿ? ಇಲ್ಲೇ ಮಾಡೋಣು. ಕುಂದ್ರು.”

ತಟ್ಟೆ ಬಂತು. ಎಳ್ಳು ಹಚ್ಚಿದ ರೊಟ್ಟಿ, ಮಡಕಿ ಕಾಳಿನ ಪಲ್ಯ, ಶೇಂಗಾ ಚಟ್ನಿ.

“ಕಾಳು ನಾ ಇನ್ನೂ ತಿಂದು ನೋಡಿಲ್ಲಕ್ಕ,” ಎಂದ ಅವನು.

“ನನ್ನ ಮುಂದ ನೋಡು.”

“ನಾ ನಿನಗ ಬಿಡಿಸಿದ್ದ ಇದು. ನಾ ಹ್ಯಾಂಗ ತಿನ್ಲಿ?”

ಅಕ್ಕ ಉಸಿರು ಕೂಡಿಸಿಕೊಂಡಳು. “ನೀನು ಬಿಡು ಅಂದಿ, ನಾ ಬಿಟ್ಟೆ. ಈಗ ನಾ ತಿನ್ನು ಅಂತೀನಿ. ತಿನ್ನು.” ಕಣ್ಣು ಮುಚ್ಚಿದಳು. “ಸಪ್ಪಳ ಮಾಡಿ ಮುರಿ. ಕಾಣಂಗಿಲ್ಲ ನನಗ, ಕೇಳ್ತೈತಿ.”

ಈಶ್ವರ ರೊಟ್ಟಿ ಮುರಿದ. ಪಡಸಾಲೆಯ ತುಂಬ ಕೇಳುವಂತೆ ಮುರಿದ. ಪಲ್ಯ ಎತ್ತಿ ಬಾಯಿಗಿಟ್ಟು ಅಗಿದ. ಅವಳ ತುಟಿಯೂ ಅವನ ಜೊತೆ ಒಂದಿಷ್ಟು ಆಡಿತು.

ಬಾಗಿಲಲ್ಲಿ ನಿಂತಿದ್ದ ಜಂಬಯ್ಯ ಒಳಗೆ ಹೋಗಿ ಇನ್ನೊಂದು ರೊಟ್ಟಿ ತಂದು ಈಶ್ವರನ ತಟ್ಟೆಗೆ ಹಾಕಿದ.

ಎರಡನೆಯದು ಅರ್ಧವಾಗುವಷ್ಟರಲ್ಲಿ ಹೊಟ್ಟೆಯೊಳಗೆ ಹಳೆಯ ತಿರುಚು ಎದ್ದಿತು. ಕಾಳಿನದೋ, ಜೋಳದ್ದೋ, ಇನ್ಯಾವುದರದೋ ಎಂದು ಅವನು ಯೋಚಿಸಲಿಲ್ಲ.

“ನೋಯ್ತೈತೇನು?” ಕಣ್ಣು ತೆರೆಯದೆ ಕೇಳಿದಳು ಅಕ್ಕ.

“ಇಲ್ಲ.”

ಉಳಿದರ್ಧವನ್ನು ಅವನು ಇನ್ನೂ ಜೋರಾಗಿ ಮುರಿದ.