ಚುಕ್ಕೆ ಇಳಿಯದ ಮುಖ

ನನ್ನ ಬಾಯಿ ಎಡಕ್ಕೆ ಜೋತುಬಿದ್ದು ಒಂದು ವರ್ಷವಾಗುತ್ತ ಬಂತು. ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ನೀರೆಲ್ಲ ಒಂದೇ ಕಡೆಯಿಂದ ಸೋರಿತು. ಮುಖದ ನರ ಸೋತಿದೆ ಎಂದರು ಡಾಕ್ಟರು. ಮುಕ್ಕಾಲು ಪಾಲು ವಾಸಿಯಾಗಿದೆ, ಉಳಿದ ಕಾಲು ಪಾಲು ನಕ್ಕಾಗ ಹೊರಗೆ ಬರುತ್ತದೆ. ಲೈಬ್ರರಿಯಲ್ಲಿ ಮಕ್ಕಳಿಗೆ ಕಥೆ ಓದಿ ಹೇಳುವ ಕೆಲಸ ನನ್ನದು. ಅದಕ್ಕೆ ಅಂದಿನಿಂದ ರಜೆ. ಮನೆಯಿಂದ ಹೊರಟರೆ ಮಾಸ್ಕು.

"ಯಾರೂ ಗಮನಿಸಲ್ಲ ಕಣೆ, ಸುಮ್ನೆ ತಲೆ ಕೆಡಿಸ್ಕೋಬೇಡ" ಎಂದು ಅಕ್ಕ ಹೇಳುತ್ತಲೇ ಇದ್ದಳು. ಬೇರೆಯವರು ಹೇಳಿದ್ದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದೆ. ಆದರೆ ಅಕ್ಕನ ಕಸುಬೇ ಅದು. ಜನರ ಕಣ್ಣು ಎಲ್ಲಿಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಯಂತ್ರ ಇಟ್ಟು ಅಳೆಯುತ್ತಾಳೆ. ಅವಳ ಮಾತು ನಂಬಿ, ಸೋಮವಾರದಿಂದ ಬರುತ್ತೇನೆಂದು ಲೈಬ್ರರಿಗೆ ಹೇಳಿಯೂ ಬಿಟ್ಟೆ. ಮೊದಲ ದಿನ ಮಕ್ಕಳ ಜೊತೆ ಅವಳೂ ಬಂದು ಕೂರುವುದು ಎಂದು ಮಾತಾಗಿತ್ತು.

ಶನಿವಾರ ಅವಳ ಪ್ರಯೋಗಾಲಯವನ್ನು ಸಾರ್ವಜನಿಕರಿಗೆ ತೆರೆದಿದ್ದರು. ನಾನೂ ಹೋಗಿ, ಮಾಸ್ಕು ಹಾಕಿಕೊಂಡು ಹಿಂದಿನ ಗೋಡೆಗೆ ಒರಗಿ ನಿಂತೆ. ಅಕ್ಕ ಚೆನ್ನಾಗಿ ಮಾತಾಡುತ್ತಾಳೆ. ಅದರಲ್ಲಿ ಎರಡು ಮಾತಿಲ್ಲ.

"ನಮ್ಮ ಕಣ್ಣು ಒಂದು ಕಡೆ ನಿಲ್ಲೋದೇ ಇಲ್ಲ. ಜಿಗೀತಾನೇ ಇರುತ್ತೆ. ಜಿಗಿಯೋ ಆ ಗಳಿಗೇಲಿ ಮಿದುಳು ಪರದೆ ಎಳೆದುಬಿಡುತ್ತೆ, ನಮಗೆ ಏನೂ ಕಾಣಲ್ಲ. ಬೇಕಾದ್ರೆ ಕನ್ನಡೀಲಿ ನಿಮ್ಮ ಒಂದು ಕಣ್ಣು ನೋಡಿ, ಆಮೇಲೆ ಇನ್ನೊಂದು. ಕಣ್ಣು ಅಲುಗಿದ್ದು ನಿಮಗೆ ಕಾಣಲ್ಲ, ಪಕ್ಕದವರಿಗೆ ಕಾಣುತ್ತೆ."

ಜನ ಕನ್ನಡಿಗೆ ಮುಗಿಬಿದ್ದರು. ಮೀಸೆಯವರೊಬ್ಬರು ಹೆಂಡತಿಯ ಎದುರಿಗೇ ತಮ್ಮ ಕಣ್ಣು ಅಲುಗಿಲ್ಲ ಎಂದು ವಾದಿಸಿ ಸೋತರು.

ಆಮೇಲೆ ಅಕ್ಕ ತಾನೇ ಯಂತ್ರಕ್ಕೆ ಗದ್ದ ಊರಿ ಕೂತಳು. ಅವಳ ಮುಂದೆ ಒಂದು ಚಿತ್ರ ಬರುತ್ತದೆ. ಅವಳ ಕಣ್ಣು ಹೋದಲ್ಲೆಲ್ಲ ನಮ್ಮೆದುರಿನ ದೊಡ್ಡ ಪರದೆಯ ಮೇಲೆ ಕೆಂಪು ಚುಕ್ಕೆ ಓಡುತ್ತದೆ. ಚುಕ್ಕೆ ನಮಗೆ ಮಾತ್ರ ಕಾಣುತ್ತದೆ, ಅವಳಿಗಲ್ಲ. ಇಟ್ಟುಕೊಂಡಿದ್ದ ಚಿತ್ರ ತೆರೆಯಲಿಲ್ಲ. ಅಕ್ಕನ ಜೊತೆ ಕೆಲಸ ಮಾಡುವವರೊಬ್ಬರಿದ್ದಾರೆ, ಅವಳು ಮನೆಯಲ್ಲಿ ಹೇಳುವ ಕಥೆಗಳಲ್ಲಿ ಅವರ ಹೆಸರು ಗಡಿಬಿಡಿ. "ಮೇಡಂ, ನಿಮ್ಮ ಫೋನಲ್ಲಿರೋ ಯಾವ್ದಾದ್ರೂ ಫೋಟೋ ಕೊಡಿ, ನಾಲ್ಕೈದು ಮುಖ ಇದ್ರೆ ಸಾಕು" ಎಂದರು. ಅಕ್ಕ ಯೋಚಿಸದೆ ಕೊಟ್ಟಳು. ಹೋದ ತಿಂಗಳು ಅಪ್ಪ ನಿವೃತ್ತರಾದ ದಿನ ತೆಗೆದದ್ದು. ಅಪ್ಪ, ಅಮ್ಮ, ಅಕ್ಕ, ಭಾವ, ನಡುವೆ ಮಾಸ್ಕಿಲ್ಲದೆ ನಗುತ್ತಿದ್ದ ನಾನು.

ಚುಕ್ಕೆ ಹೊರಟಿತು. ಅಪ್ಪನ ಕಣ್ಣು, ಬಾಯಿ. ಅಮ್ಮನ ಕಣ್ಣು, ಬಾಯಿ. ಅಲ್ಲಿಂದ ನನ್ನನ್ನು ಹಾರಿ ಭಾವನ ಮೀಸೆಗೆ. ಮತ್ತೆ ಅಮ್ಮ, ಮತ್ತೆ ಹಾರಿ ಅವಳದೇ ಮುಖ. ಒಮ್ಮೆ ನನ್ನ ಭುಜದ ಮೇಲೆ ಇಳಿದು, ಬಿಸಿ ಮುಟ್ಟಿದಂತೆ ಎದ್ದು ಹೋಯಿತು. ಫೋಟೋದ ನಟ್ಟನಡುವೆ ಇದ್ದವಳು ನಾನು. ಹಾರಿ ಹೋಗಬೇಕಾದರೂ ಅಲ್ಲೊಂದು ಮುಖವಿದೆ ಎಂದು ಆ ಕಣ್ಣಿಗೆ ಗೊತ್ತಿರಲೇಬೇಕಲ್ಲ.

"ಮೇಡಂ, ಒಬ್ಬರನ್ನ ನೀವು ನೋಡೇ ಇಲ್ಲ!" ಗಡಿಬಿಡಿಯವರಿಗೆ ಖುಷಿಯೋ ಖುಷಿ. "ಯಾರಿವರು?"

ಅಕ್ಕ ತಲೆ ಎತ್ತಿ ಪರದೆ ನೋಡಿದಳು. ಕಿವಿಯವರೆಗೂ ಕೆಂಪಾದಳು. "ಯಂತ್ರದ ಕ್ಯಾಲಿಬ್ರೇಷನ್ ತಪ್ಪಿರಬೇಕು" ಎಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೆಲ ನೆಟ್ಟಗೇ ಇತ್ತು, ಡೊಂಕಾಗಿದ್ದದ್ದು ನನ್ನ ಬಾಯಿ.

ನನ್ನ ಪಕ್ಕದಲ್ಲಿದ್ದ ಹೆಂಗಸು ಪಿಸುಗುಟ್ಟಿದಳು: "ಪಾಪ, ಆ ಹುಡುಗಿ ಬಾಯಿ ನೋಡಿ. ಯಾರಂತೆ?"

"ಗೊತ್ತಿಲ್ಲ" ಎಂದೆ.

ಹೇಳಿದವಳು ನಾನೇ. ಯಾರೂ ಕತ್ತು ಹಿಸುಕಿ ಹೇಳಿಸಲಿಲ್ಲ. ಮಾಸ್ಕಿನೊಳಗೆ ಮುಖವೆಲ್ಲ ಉರಿಯಿತು. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಹಾಗಾಯಿತು.

ಗಡಿಬಿಡಿಯವರು ಯಂತ್ರ ಸರಿಪಡಿಸಿ, ಅಕ್ಕನನ್ನು ಇನ್ನೊಂದು ಸಲ ಕೂರಿಸಿದರು. ಈ ಸಲ ಚುಕ್ಕೆ ನೇರ ಬಂದು ನನ್ನ ಬಾಯಿಯ ಮೇಲೆ ಕೂತಿತು. ಕೂತದ್ದು ಏಳಲಿಲ್ಲ. ಅಪ್ಪನೂ ಬೇಡ, ಅಮ್ಮನೂ ಬೇಡ, ಮೊಳೆ ಹೊಡೆದ ಹಾಗೆ ಅಲ್ಲೇ. ಬೇಕೆಂದೇ ಹೀಗೆ ನೋಡುವವರನ್ನು ನಿಮಿಷದಲ್ಲಿ ಪತ್ತೆಹಚ್ಚುತ್ತೇನೆ ಎಂದು ಜಂಬ ಕೊಚ್ಚುತ್ತಿದ್ದವಳು ಇದೇ ಅಕ್ಕ. ಜನ ಗೊಳ್ಳೆಂದು ನಕ್ಕರು. ಅವರು ನಕ್ಕದ್ದು ಚುಕ್ಕೆಗೆ ಎಂದು ನನಗೂ ಗೊತ್ತು. ಆದರೂ ಅಲ್ಲಿ ನಿಲ್ಲಲಾಗಲಿಲ್ಲ.

ಹೊರಗಿನ ಓಣಿಯಲ್ಲಿ ಬೆಂಚಿನ ಮೇಲೆ ಕೂತು, ಮಾಸ್ಕು ತೆಗೆದು ಚಹಾ ಕುಡಿಯುತ್ತಿದ್ದೆ. ಅಕ್ಕ ಬಂದು ಪಕ್ಕದಲ್ಲಿ ಕೂತಳು.

"ನೀನು ಬಂದಿದ್ದೀಯ ಅಂತ ಗೊತ್ತಿರ್ಲಿಲ್ಲ" ಎಂದಳು.

"ಗೊತ್ತಿದ್ರೆ?"

"ಬೇರೆ ಫೋಟೋ ಕೊಡ್ತಿದ್ದೆ." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. "ನನಗೆ ಗೊತ್ತಾಗದ ಹಾಗೆ ಆಗಿದೆ ಕಣೆ. ಕಣ್ಣು ನನ್ನ ಕೇಳ್ಕೊಂಡು ಹೋಗಲ್ಲ. ನಿನಗೆ ಆದದ್ದು ನೋಡೋಕಾಗಲ್ಲ, ಅದಕ್ಕೇ ಇರ್ಬೇಕು."

"ಮೊದಲನೇದಕ್ಕೆ ನಿನ್ನ ಬೈಯಲ್ಲ ಅಕ್ಕ. ಎರಡನೇ ಸಲ ನೋಡಿದ್ಯಲ್ಲ, ಅದು ಯಾರಿಗೋಸ್ಕರ?"

ಅವಳು ಸೆರಗಿನ ತುದಿ ಬೆರಳಿಗೆ ಸುತ್ತತೊಡಗಿದಳು. ನನಗೂ ಅವಳನ್ನು ಕುಟುಕುವ ಯೋಗ್ಯತೆ ಇರಲಿಲ್ಲ.

"ಒಳಗೆ ಒಬ್ಬರು ಕೇಳಿದ್ರು, ಆ ಹುಡುಗಿ ಯಾರು ಅಂತ. ನಾನೂ ಗೊತ್ತಿಲ್ಲ ಅಂದುಬಿಟ್ಟೆ" ಎಂದೆ. ಅಕ್ಕ ಸೆರಗಿನಿಂದ ಕಣ್ಣು ಒತ್ತಿಕೊಂಡಳು.

"ಸೋಮವಾರ ನಾನು ಹೋಗ್ತೀನಿ. ಮಕ್ಕಳು ಕಣ್ಣು ಬಿಟ್ಕೊಂಡು ನೋಡ್ತಾರೆ, ಬಾಯಿಗೇನಾಯ್ತು ಅಂತ ಕೇಳ್ತಾರೆ. ಹೇಳ್ತೀನಿ. ಅಷ್ಟಕ್ಕೆ ತಯಾರಾಗಿದ್ದೀನಿ. ನೀನು ಎದುರಿಗೆ ಕೂತು ಗೋಡೆ ನೋಡಿದ್ರೆ ಮಾತ್ರ ನನ್ನಿಂದ ಓದೋಕಾಗಲ್ಲ. ಬರಬೇಡ ಬಿಡು."

ಬಂದೇ ಬರ್ತೀನಿ ಎಂದು ಅವಳು ಹಟ ಹಿಡಿಯಲಿ ಎಂದೇ ಹಾಗೆ ಹೇಳಿದ್ದೆ. ಸುಳ್ಳು ಯಾಕೆ ಹೇಳಲಿ?

"ಸರಿ ಕಣೆ, ನಿನಗೆ ಹೇಗೆ ಅನುಕೂಲವೋ ಹಾಗೆ" ಎಂದಳು ಅಕ್ಕ. ಭಾರ ಇಳಿದವಳ ಹಾಗೆ ಉಸಿರು ಬಿಟ್ಟಳು. ಅಷ್ಟನ್ನೂ ಅವಳು ಹೇಳಿದ್ದು ನನ್ನ ಕೈಯಲ್ಲಿದ್ದ ಲೋಟಕ್ಕೆ.