ಬಿಸಿಲಿಗೆ ಶಾಮಿಯಾನ

ಅದಿರಿನ ಲಾರಿಗಳು ಹೊಸಪೇಟೆಯ ರಸ್ತೆಗಳನ್ನೆಲ್ಲ ಕೆಂಪು ಮಾಡುತ್ತಿದ್ದ ಕಾಲದಲ್ಲಿ ಸಂಡೂರಿನ ಗಣಿ ಸಾವ್ಕಾರರೊಬ್ಬರಿಗೆ ಇದ್ದಕ್ಕಿದ್ದಂತೆ ಹಂಪಿಯ ಗಾಳಿಯ ಚಿಂತೆ ಹತ್ತಿತು. ಕಮಲಾಪುರದ ಬಯಲಿನಲ್ಲಿ ಸೋಲಾರ್ ಹಲಗೆಗಳನ್ನು ನಿಲ್ಲಿಸಿ, ಪ್ರವಾಸಿಗರನ್ನು ಸುತ್ತಿಸಲು ಅವುಗಳ ಕರೆಂಟಿನಿಂದಲೇ ಚಾರ್ಜ್ ಆಗುವ ಬ್ಯಾಟರಿ ಗಾಡಿಯೊಂದನ್ನು ತರಿಸಿದರು.

ಗಾಡಿ ಓಡಿಸಲು ಆಯ್ಕೆಯಾದವಳು ಸುಕನ್ಯಾ. ಅಲ್ಲಿಯವರೆಗೆ ಅದೇ ಸಾವ್ಕಾರರ ಯಾರ್ಡಿನಲ್ಲಿ ಅದಿರು ಆರಿಸುತ್ತಿದ್ದಳು. ಮೂಗೊರೆಸಿದರೆ ಸೆರಗು ಕೆಂಪಾಗುತ್ತಿತ್ತು. ಉದ್ಘಾಟನೆಯ ದಿನ ಸಾವ್ಕಾರರನ್ನು ವಿಠ್ಠಲ ದೇವಸ್ಥಾನಕ್ಕೆ ಕರೆದೊಯ್ದು ವಾಪಸ್ ಕರೆತಂದರೆ ಕೆಲಸ ಕಾಯಂ, ನಡುದಾರಿಯಲ್ಲಿ ನಿಂತರೆ ಮತ್ತೆ ಯಾರ್ಡು ಎಂದು ಮ್ಯಾನೇಜರ್ ಸಿದ್ದಲಿಂಗೇಶ್ ಹೇಳಿದ್ದರು.

ದಿನಾ ಬೆಳಿಗ್ಗೆ ಹಲಗೆಗಳ ಮೇಲಿನ ಕೆಂಪು ಧೂಳನ್ನು ಅವಳೇ ಒರೆಸುತ್ತಿದ್ದಳು. ತಾಯಿ ವಿರುಪಮ್ಮ ಪಕ್ಕದಲ್ಲೇ ಚಾಪೆ ಹಾಸಿ ಸಂಡಿಗೆ ಇಡುತ್ತಿದ್ದಳು. ಸಂಜೆ ನಾಲ್ಕರ ಹೊತ್ತಿಗೆ ಸಂಡಿಗೆಯೂ ಗರಿಗರಿ, ಬ್ಯಾಟರಿಯೂ ಭರ್ತಿ.

ಉದ್ಘಾಟನೆಗೆ ಮೂರು ದಿನ ಮೊದಲೇ ಶಾಮಿಯಾನ ಬಂತು. ದೊಡ್ಡವರು ಬರುತ್ತಾರೆಂದರೆ ನಮ್ಮ ಕಡೆ ಮೊದಲು ಏಳುವುದು ಅದೇ, ಯಾಕೆಂದು ಕೇಳುವವರಿಲ್ಲ. ಕುರ್ಚಿ, ವೇದಿಕೆ, ಸೋಲಾರ್ ಹಲಗೆ, ಎಲ್ಲದರ ಮೇಲೂ ಬಟ್ಟೆ ಬಿಗಿದರು.

“ಸರ್, ಹಲಗಿ ಮ್ಯಾಲಿನ ಬಟ್ಟಿ ಒಂಚೂರು ತೆಗಸ್ರಿ. ಬಿಸಿಲು ಬೀಳವಲ್ದು,” ಎಂದಳು ಸುಕನ್ಯಾ.

“ಏನವ್ವ, ಸಾವ್ಕಾರ್ರು ಹಲಗಿ ಪಕ್ಕ ನಿಂತು ಫೋಟೋ ತೆಗಿಸ್ಕಂತಾರ. ಬಿಸಿಲಾಗ ನಿಲ್ಲಿಸ್ಲೇನು ಅವ್ರನ್ನ?” ಎಂದರು ಸಿದ್ದಲಿಂಗೇಶ್.

“ಗಾಡಿ ಬಿಸಿಲಿಂದಾನ ಓಡೋದಲ್ರಿ?”

“ಓಡ್ಲಿ. ಯಾರು ಬ್ಯಾಡ ಅಂದ್ರು?”

ಸಾಲದ್ದಕ್ಕೆ ಸಿದ್ದಲಿಂಗೇಶರ ಬೀಗರು ಬಂದು, ಅದೇ ಗಾಡಿಯಲ್ಲಿ ಎರಡು ಸಲ ಹಂಪಿ ಸುತ್ತಿ ಹೋದರು. ಚಾರ್ಜ್ ತೋರಿಸುವ ಮುಳ್ಳು ತಳ ಕಂಡಿತು.

ಉದ್ಘಾಟನೆಯ ಬೆಳಿಗ್ಗೆ ಮ್ಯಾನೇಜರರಿಗೂ ಬೆವರಿಳಿಯಿತು. ಶಾಮಿಯಾನ ಬಿಚ್ಚುವ ಮಾತು ಯಾರ ಬಾಯಲ್ಲೂ ಬರಲಿಲ್ಲ. ಗಣಿಯಿಂದ ಡೀಸೆಲ್ ಜನರೇಟರ್ ಬಂತು. ‘ಹೊಗೆ ಇಲ್ಲದ ಹಂಪಿ’ ಎಂಬ ಬ್ಯಾನರಿನ ಹಿಂದೆ ಅದನ್ನು ಬಚ್ಚಿಟ್ಟು ಬ್ಯಾಟರಿಗೆ ಹಚ್ಚಿದರು. ಬ್ಯಾನರಿನ ತಲೆಯ ಮೇಲೆ ಕರಿ ಹೊಗೆ ಏಳುತ್ತಿದ್ದಂತೆ ಸಾವ್ಕಾರರು ಸೂರ್ಯನನ್ನು ಹೊಗಳಿ ಭಾಷಣ ಮಾಡಿದರು. ಭಾಷಣ ಚಿಕ್ಕದಾಗಿತ್ತು. ಇನ್ನರ್ಧ ಗಂಟೆ ಮಾತಾಡಿದ್ದರೆ ಸುಕನ್ಯಾಳ ಕೆಲಸ ಉಳಿಯುತ್ತಿತ್ತೇನೋ.

ಹೋಗುವಾಗ ಗಾಡಿ ಮಸ್ತಾಗಿ ಹೋಯಿತು. ಬರುವಾಗ ಗೆಜ್ಜಲ ಮಂಟಪದ ಹತ್ತಿರ ನಿಂತಿತು. ಸಾವ್ಕಾರರು ಇಳಿದರು. ಜೀಪು ಬರುವವರೆಗೆ ಇಬ್ಬರು ಅವರಿಗೆ ಕೊಡೆ ಹಿಡಿದರು. ಸುಕನ್ಯಾಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಸ್ಟೀರಿಂಗ್ ಬಿಡದೆ ಹಾಗೇ ಕೂತಿದ್ದಳು.

ಮರುವಾರ ಬಯಲಿನ ಕಂಬಕ್ಕೆ ನೋಟಿಸು ಅಂಟಿಸಿದರು. ಶಾಮಿಯಾನ ಆಗಲೇ ಹೋಗಿತ್ತು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಯಾರ್ಡಿಗೆ ಹೊರಟಿದ್ದ ಸುಕನ್ಯಾ ಅದನ್ನು ತಾಯಿಗೆ ಓದಿ ಹೇಳಿದಳು: “ಈ ಭಾಗದಲ್ಲಿ ಸಾಕಷ್ಟು ಬಿಸಿಲು ಲಭ್ಯವಿಲ್ಲದ ಕಾರಣ ಯೋಜನೆಯನ್ನು ಕೈಬಿಡಲಾಗಿದೆ.”

ವಿರುಪಮ್ಮ ಸಂಡಿಗೆ ಮಗುಚುತ್ತಿದ್ದವಳು ತಲೆ ಎತ್ತಿದಳು. “ಇನ್ನೊಮ್ಮೆ ಓದವ್ವ,” ಎಂದಳು.

ಸುಕನ್ಯಾ ಇನ್ನೊಮ್ಮೆ ಓದಿ, ಲಾರಿ ಹತ್ತಿದಳು. ಅದಿರು ಆರಿಸುವ ಹೆಂಗಸರೆಲ್ಲ ಆಗಲೇ ಅದರಲ್ಲಿ ಸಾಲಾಗಿ ಕೂತಿದ್ದರು. ಅವರ ತಲೆಯ ಮೇಲೆ ಮಾತ್ರ ಯಾರೂ ಶಾಮಿಯಾನ ಕಟ್ಟಿರಲಿಲ್ಲ.